ಕೇಕಿನ ಮೇಲಿನ ಒಂಬತ್ತು

ಹುಟ್ಟುಹಬ್ಬದ ಹಾಡನ್ನು ಕೋಚ್ ಯೋಡರ್ ಅರ್ಧಕ್ಕೇ ನಿಲ್ಲಿಸಿಬಿಟ್ಟರು. ಲೊರೀನ್ ಒಬ್ಬಳೇ ಇನ್ನೊಂದು ಸಾಲು ಎಳೆದು, ಜೊತೆಗೆ ಯಾರ ದನಿಯೂ ಇಲ್ಲವೆಂದು ಗೊತ್ತಾಗಿ ಸುಮ್ಮನಾದಳು. ಚಾಕೊಲೇಟ್ ಕೇಕಿನ ಮೇಲೆ ಅಂಕಿಯ ಆಕಾರದ ಎರಡು ಮೇಣದಬತ್ತಿಗಳು ಉರಿಯುತ್ತಿದ್ದವು. ಒಂದು, ಅದರ ಪಕ್ಕ ಒಂಬತ್ತು.

“ಹತ್ತೊಂಬತ್ತಾ?” ಎಂದರು ಕೋಚ್. “ಗ್ಯಾರೆಟ್‌ಗೆ ಹದಿನೆಂಟಲ್ವಾ?”

“ಹತ್ತೊಂಬತ್ತೇ. ಹೆತ್ತೋಳಿಗೆ ಗೊತ್ತಿರಲ್ವಾ?” ಲೊರೀನ್ ನಕ್ಕಳು.

ಈ ವರ್ಷವಷ್ಟೇ ಈ ಶಾಲೆಗೆ ಬಂದ ಕುಸ್ತಿ ಕೋಚ್ ಅವರು. ನಗಲಿಲ್ಲ. “ಎಂಟನೇ ಕ್ಲಾಸು ಎರಡು ಸಲ ಓದಿದಾನೆ ಅಂತ ಗೊತ್ತಿತ್ತು. ಹಾಗಿದ್ರೂ ಹದಿನೆಂಟೇ ಆಗ್ಬೇಕಲ್ಲ.”

“ಕಿಂಡರ್‌ಗಾರ್ಟನ್ನೂ ಎರಡು ಸಲ. ನ್ಯುಮೋನಿಯಾ ಬಂದು ಆ ವರ್ಷ ಮಲಗಿದ್ದೇ ಹೆಚ್ಚು, ಪಾಪ.”

ಕೋಚ್ ಕುರ್ಚಿ ಎಳೆದುಕೊಂಡು ಕೂತರು. ಮಾತನ್ನು ಹುಡುಗನಿಗೆ ಹೇಳಲಾರದೆ ಅವನಪ್ಪನ ಕಡೆ ತಿರುಗಿದರು. “ಡ್ವೇನ್, ಜೂನ್ ತಿಂಗಳು ಮುಗಿಯೋದ್ರೊಳಗೆ ಹತ್ತೊಂಬತ್ತು ತುಂಬಿದ್ರೆ, ಇನ್ನು ಉಳಿದಿರೋ ಕೊನೇ ವರ್ಷ ಶಾಲೆ ಪರವಾಗಿ ಆಡೋ ಹಾಗಿಲ್ಲ. ಈ ರಾಜ್ಯದ ರೂಲು ಅದು.”

“ಇಪ್ಪತ್ತಲ್ವಾ? ನಾನು ಆಡ್ತಿದ್ದ ಕಡೆ ಇಪ್ಪತ್ತಿತ್ತು!”

“ಇಲ್ಲಿ ಹತ್ತೊಂಬತ್ತು.”

ಗ್ಯಾರೆಟ್ ಎಂಟನೇ ತರಗತಿಯಲ್ಲಿ ಫೇಲಾಗಿರಲಿಲ್ಲ; ಗಣಿತದಲ್ಲಂತೂ ಇಡೀ ಕ್ಲಾಸಿಗೇ ಮೊದಲಿಗ. ಹಟ ಹಿಡಿದು ಮತ್ತೆ ಅದೇ ಬೆಂಚಿನ ಮೇಲೆ ಕೂರಿಸಿದವನು ಡ್ವೇನ್. ಒಂದು ವರ್ಷ ಮೂಳೆ ಬಲಿಯಲಿ, ಆಮೇಲೆ ತನಗಿಂತ ಚಿಕ್ಕವರನ್ನು ಚಿತ್ ಮಾಡುತ್ತಾ ಹೋಗಲಿ, ಕಾಲೇಜಿನವರು ತಾವಾಗಿ ಹುಡುಕಿಕೊಂಡು ಬರುತ್ತಾರೆ ಎಂಬುದು ಅವನ ಲೆಕ್ಕ. ಊರಿನ ಅಪ್ಪಂದಿರೆಲ್ಲ ಹಾಕುವ ಲೆಕ್ಕವೇ ಅದು. ಗೆಳೆಯರೆಲ್ಲ ಮುಂದಿನ ತರಗತಿಗೆ ಹೋದ ದಿನ ಹುಡುಗ ಟ್ರಕ್ಕಿನಲ್ಲಿ ಕೂತು ಬಿಕ್ಕಿದಾಗ, “ಒಂದು ವರ್ಷ ಅಂದ್ರೆ ಏನು ಮಹಾ ಕಣೋ” ಎಂದು ಬೆನ್ನು ತಟ್ಟಿದ್ದ. ಆ ಗೆಳೆಯರು ಈ ತಿಂಗಳು ಶಾಲೆ ಮುಗಿಸಿ ಊರು ಬಿಡುತ್ತಿದ್ದಾರೆ.

“ಆ ಕಾಲೇಜಿನವರು ಫೋನ್ ಮಾಡಿದ್ರಲ್ಲ ಕೋಚ್? ಭುಜದ ಆಪರೇಷನ್ ಆಗಿ ಹೋದ ಸಲ ಆಡಲಿಲ್ಲ, ಪರವಾಗಿಲ್ಲ, ಬರೋ ಚಳಿಗಾಲ ರಾಜ್ಯಮಟ್ಟದಲ್ಲಿ ಒಂದ್ಸಲ ನೋಡಿಬಿಡ್ತೀವಿ, ಓದಿನ ಖರ್ಚೆಲ್ಲ ನಮ್ಮದು ಅಂತ...”

“ಅಂದಿದ್ರು. ನೋಡದೆ ತಗೊಳ್ಳಲ್ಲ ಅಂತಾನೂ ಅಂದಿದ್ರು.”

“ಇವತ್ತು ಜೂನ್ ಇಪ್ಪತ್ತೆಂಟು. ಮೂರು ದಿನ ಕೋಚ್, ಮೂರೇ ಮೂರು ದಿನ!”

“ಅದಕ್ಕೇನು ಈಗ?” ಲೊರೀನ್ ಸಿಡಿದಳು. “ಇನ್ನು ಮೂರು ದಿನ ಹೊಟ್ಟೇಲೇ ಇಟ್ಕೋಬೇಕಿತ್ತು ಅಂತೀಯಾ? ನನ್ನ ಮಗು ಕಾಯಿಲೆ ಬಿದ್ದಿತ್ತು, ಅದಕ್ಕೆ ಹಿಂದೆ ಉಳೀತು. ನಿನಗೇನು ಬಂದಿತ್ತು?”

ಡ್ವೇನ್ ಕೈ ಚಾಚಿ, ಉರಿಯುತ್ತಿದ್ದ ಒಂಬತ್ತನ್ನು ಕೇಕಿನಿಂದ ಕಿತ್ತ. ಬಿಸಿ ಮೇಣ ಬೆರಳ ಮೇಲೆ ಸುರಿದರೂ ಬಿಡಲಿಲ್ಲ. “ಅಂಗಡೀಲಿ ಎಂಟು ಖಾಲಿಯಾಗಿತ್ತು, ಒಂಬತ್ತು ತಂದ್ವಿ. ನೀವು ನೋಡಿದ್ದು ಅಷ್ಟೇ. ಕೈ ಮುಗೀತೀನಿ ಕೋಚ್.”

“ಹುಟ್ಟಿದ ತಾರೀಕು ಶಾಲೆ ಆಫೀಸಿನಲ್ಲಿದೆ ಡ್ವೇನ್. ನಾನು ಬಾಯಿ ಮುಚ್ಕೊಂಡ್ರೂ, ಇವನ ಕೈಲಿ ಸೋತ ಹುಡುಗನ ಅಪ್ಪ ಯಾರೋ ಒಬ್ಬ ಕೇಳೇ ಕೇಳ್ತಾನೆ. ಆ ಜಾಗದಲ್ಲಿ ನೀವಿದ್ರೆ ಕೇಳ್ತಿರ್ಲಿಲ್ವಾ?”

ಕೇಳುತ್ತಿದ್ದ. ಮೊದಲು ಎದ್ದು ನಿಂತು ಕೇಳುವವನೇ ಅವನು. ಕೋಚ್ ಎದ್ದರು, ಗ್ಯಾರೆಟ್‌ನ ಹೆಗಲ ಮೇಲೆ ಒಂದು ಗಳಿಗೆ ಕೈಯಿಟ್ಟು, ಹೊರಟುಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಆ ಮನೆಯಲ್ಲಿ ತುತ್ತು ಕಸಿದದ್ದು ಹೊರಗಿನವರ ಕೈಯಲ್ಲ.

ಗ್ಯಾರೆಟ್ ಉಳಿದಿದ್ದ ಒಂದರ ಬತ್ತಿಯನ್ನು ಊದಿ ಆರಿಸಿದ. ಚಾಕು ತೆಗೆದುಕೊಂಡು ಅಂಗೈಯಗಲದ ತುಂಡು ಕತ್ತರಿಸಿ ತಟ್ಟೆಗೆ ಹಾಕಿಕೊಂಡ. ಕುಸ್ತಿಗೆ ಇಳಿದಂದಿನಿಂದ ಅವನು ತನ್ನ ಹುಟ್ಟುಹಬ್ಬದ ಕೇಕು ತಿಂದವನೇ ಅಲ್ಲ. ತೂಕ ಏರಿ ತನ್ನ ತೂಕದ ವರ್ಗ ತಪ್ಪೀತೆಂದು ಬೆರಳ ತುದಿಯ ಕೆನೆ ನೆಕ್ಕಿ, ಉಳಿದದ್ದನ್ನು ಬಂದವರಿಗೆ ಹಂಚುತ್ತಿದ್ದ. ಆ ಬೆರಳ ತುದಿಗೆ ಎಷ್ಟು ಕೆನೆ ಎಂದು ಹೇಳುವವನೂ ಡ್ವೇನೇ.

“ಶನಿವಾರ ಶಾಲೆ ಕ್ಯಾಂಪಲ್ಲಿ ತೂಕ ಹಾಕ್ತಾರೆ ಮಗಾ...” ಅಭ್ಯಾಸಬಲದಿಂದ ಡ್ವೇನ್‌ನ ಬಾಯಿಂದ ಬಂದೇಬಿಟ್ಟಿತು.

ಗ್ಯಾರೆಟ್ ತಲೆಯೆತ್ತಲಿಲ್ಲ. ರುಚಿ ನೋಡುವವನಂತೆ ತಿನ್ನಲಿಲ್ಲ, ಹಿಡಿದ ಕೆಲಸ ಮುಗಿಸುವವನಂತೆ ತಿಂದ. ಕಣ್ಣೀರು ಮೂಗಿನ ತುದಿಯಿಂದ ತಟ್ಟೆಗೆ ತೊಟ್ಟಿಕ್ಕುತ್ತಿತ್ತು. ಅದನ್ನೂ ಸೇರಿಸಿ ತಿಂದ. ಲೊರೀನ್ ಬೆನ್ನು ತಿರುಗಿಸಿ ಸಿಂಕಿನ ಬಳಿ ನಿಂತಳು.

ತಟ್ಟೆ ಖಾಲಿಯಾದಾಗ ಅದನ್ನು ಅಪ್ಪನ ಮುಂದಕ್ಕೆ ತಳ್ಳಿದ.

“ಇನ್ನೊಂದು ತುಂಡು ಹಾಕಪ್ಪ.”

ಡ್ವೇನ್ ಚಾಕು ಹಿಡಿದು ಕೇಕಿನ ಮೇಲೆ ಬಾಗಿದ. ಎಷ್ಟು ದೊಡ್ಡದು ಕತ್ತರಿಸಬೇಕೆಂದು ಅವನಿಗೆ ಗೊತ್ತಾಗಲಿಲ್ಲ.