ಮಣ್ಣಿಗೆ ಸೇರಿದ್ದು

ವನಜಾಕ್ಷಿ ಅರ್ಧ ಆಯುಷ್ಯ ಸವೆಸಿ ಮಾಡಿದ್ದು ತಿಂಡಿ ಸುತ್ತುವ ಒಂದು ಹಾಳೆ. ಒಳಗಿಟ್ಟದ್ದು ಹಳಸಬಾರದು, ಬಿಸಾಡಿದರೆ ಹಾಳೆಯೇ ಮಣ್ಣಾಗಬೇಕು. ಎರಡರಲ್ಲಿ ಒಂದು ತಪ್ಪಿದರೂ ಪ್ರಯೋಗಾಲಯಕ್ಕೆ ಬೀಗ ಎಂದು ಮೇಲಿನವರು ಹೇಳಿಯಾಗಿತ್ತು. ಬೀಗವನ್ನು ಕೊಂಡು ತಂದೂ ಆಗಿತ್ತು.

ಶ್ರಾವಣದಲ್ಲಿ ಪರೀಕ್ಷೆಗೆಂದು ಬಂದ ಹಿರಿಯ ವಿಜ್ಞಾನಿ ಹಾಳೆ ಬಿಚ್ಚಿ ಹೋಳಿಗೆಯನ್ನು ಮೂಸಿದರು. ಆಮೇಲೆ ಮುರಿದು ಬಾಯಿಗಿಟ್ಟರು.

"ಚೆನ್ನಾಗಿದೆಯಮ್ಮ. ನಿನ್ನೇದಾ?"

"ಯುಗಾದೀದು ಸರ್."

ಅವರು ಅಗಿಯುವುದನ್ನು ನಿಲ್ಲಿಸಿದರು. ಉಗುಳಲು ಮರ್ಯಾದೆ ಅಡ್ಡ ಬಂದು ನುಂಗಿದರು. "ಹಾಳೆಗೆ ಏನು ಹಾಕಿದೀಯ?"

"ನಾನೇ ಮಾಡಿದ ಔಷಧಿ ಸರ್. ಒಂದೇ ಒಂದು ಕ್ರಿಮಿ ಬದುಕಲ್ಲ."

"ಹಾಳೆ ಕರಗಿದ ಮೇಲೆ ಔಷಧಿ ಎಲ್ಲಿಗೆ ಹೋಗತ್ತೆ?"

"ಅದೂ ಮಣ್ಣಿಗೇ ಸರ್," ಎಂದಳು ಹೆಮ್ಮೆಯಿಂದ.

ಹಿತ್ತಲಿನ ಗುಂಡಿಯಲ್ಲಿ ಯುಗಾದಿಯಂದೇ ಒಂದು ಕಟ್ಟು ಹಾಳೆ ಹೂತಿದ್ದಳು. ಹೋಲಿಸಿ ನೋಡಲು ಜೊತೆಗೊಂದು ಬಾಳೆಎಲೆ. ಅದಕ್ಕಿಂತ ಬೇಗ ಕೊಳೆಯುವುದು ಇನ್ನೇನಿದೆ? ಈಗ ಅವರ ಎದುರೇ ಗುಂಡಿಯ ಪಕ್ಕ ಕೂತು ಕೈಯಾರೆ ಕೆದಕಿದಳು. ಹಾಳೆಯ ಒಂದು ಚೂರೂ ಸಿಗಲಿಲ್ಲ. ಅವಳ ಕಣ್ಣು ತುಂಬಿ ಬಂತು.

"ಗೆದ್ದೆ ಕಣಮ್ಮ! ಆ ಬೀಗ ಮನೆಗೆ ತಗೊಂಡು ಹೋಗು," ಎಂದರು ಹಿರಿಯರು. ಮತ್ತೆ ಗುಂಡಿಯೊಳಗೆ ಬಗ್ಗಿ ನೋಡಿ ನಕ್ಕರು. "ಬಾಳೆಎಲೆ ಹೂಳೋದು ಮರೆತು ಇವತ್ತು ಬೆಳಿಗ್ಗೆ ಹಾಕಿದೀಯ, ಅಲ್ವಾ ಕಳ್ಳಿ?"

ವನಜಾಕ್ಷಿ ಎಲೆಯ ಮೇಲಿನ ಮಣ್ಣು ಒರೆಸಿದಳು. ಯುಗಾದಿಯಂದು ಹೂತ ಎಲೆ, ಊಟ ಬಡಿಸುವಷ್ಟು ಹಸಿರಾಗಿತ್ತು.