ಭೀಮ ತಿಂದದ್ದು

ದೀಪಾವಳಿಯ ಬೆಳಿಗ್ಗೆ ರವೆ ಉಂಡೆಯ ಡಬ್ಬಿ ನೆಲದ ಮೇಲೆ ಖಾಲಿ ಬಿದ್ದಿತ್ತು. ಪಕ್ಕದಲ್ಲಿ ನಾಯಿ ಭೀಮ ಬಾಯಿ ಚಪ್ಪರಿಸುತ್ತಿದ್ದ.

"ಅಯ್ಯೋ, ಉಂಡೆ ತುಂಬಾ ಒಣದ್ರಾಕ್ಷಿ ಹಾಕಿದ್ದೆ ಕಣ್ರೀ! ದ್ರಾಕ್ಷಿ ನಾಯಿಗೆ ವಿಷ, ಯಾರೂ ಕೊಡಬೇಡಿ ಅಂತ ನಿನ್ನೆಯಿಂದ ಬಡ್ಕೋತಿದೀನಿ!" ವಿಶಾಲಾಕ್ಷಮ್ಮ ಎದೆ ಹಿಡಿದುಕೊಂಡರು.

"ಯಾರು ಕೊಟ್ರು? ಕಳ್ಳ, ತಾನೇ ತಿಂದಿದಾನೆ," ಎಂದರು ಗಂಡ ನಂಜುಂಡಯ್ಯ. "ನನ್ನ ನೋಡಿ ಕಲೀಬೇಕು. ಸಕ್ಕರೆ ಕಾಯಿಲೆ ಬಂದ ಮೇಲೆ ಸಿಹಿ ಕಡೆ ತಿರುಗಿಯಾದ್ರೂ ನೋಡಿದೀನಾ?"

ಹೌದಲ್ಲ ಎನ್ನಿಸಿತು ಹೆಂಡತಿಗೆ. ಹಬ್ಬದ ದಿನವೂ ಅವರು ಗೊಣಗದೆ ತಮ್ಮ ಹಾಗಲಕಾಯಿ ಪಲ್ಯದ ತಟ್ಟೆಯನ್ನು ನೆಕ್ಕಿದ ಹಾಗೆ ಖಾಲಿ ಮಾಡಿದ್ದರು.

"ನಡೀರಿ, ಡಾಕ್ಟರ ಹತ್ರ ಹೋಗೋಣ."

"ಹಬ್ಬದ ದಿನ ಅವರಿಗ್ಯಾಕೆ ತೊಂದರೆ? ಏನೂ ಆಗಲ್ಲ ಬಿಡೇ. ಕಲ್ಲು ತಿಂದು ಕರಗಿಸೋ ಪ್ರಾಣಿ ಅದು."

ವಿಶಾಲಾಕ್ಷಮ್ಮ ಕೇಳಲಿಲ್ಲ. ಎದುರು ಮನೆಯ ಪಶುವೈದ್ಯರು ಅಭ್ಯಂಜನಕ್ಕೆ ಕೂತಿದ್ದವರು, ಕಿವಿಯ ಮೇಲೆ ಎಣ್ಣೆ ಇಳಿಯುತ್ತಿದ್ದ ಹಾಗೇ ಎದ್ದು ಬಂದರು.

"ಮೊದಲು ವಾಂತಿ ಮಾಡಿಸಬೇಕು."

"ಇಂಜೆಕ್ಷನ್ ಎಲ್ಲಾ ಬೇಡ ಡಾಕ್ಟ್ರೇ! ಪಾಪ, ಮೂಕಪ್ರಾಣಿ," ಎಂದು ನಂಜುಂಡಯ್ಯ ನಾಯಿಗೆ ಅಡ್ಡ ನಿಂತರು.

"ಪ್ರಾಣ ಹೋಗೋದಕ್ಕಿಂತ ವಾಸಿ, ಪಕ್ಕಕ್ಕೆ ಸರೀರಿ," ಎಂದು ಡಾಕ್ಟರು ಸೂಜಿ ಚುಚ್ಚಿಯೇಬಿಟ್ಟರು.

ಸ್ವಲ್ಪ ಹೊತ್ತಿಗೆ ಭೀಮ ರಂಗೋಲಿಯ ಪಕ್ಕದಲ್ಲೇ ಎಲ್ಲವನ್ನೂ ಕಕ್ಕಿದ. ಡಾಕ್ಟರು ಬಗ್ಗಿ, ಕಡ್ಡಿಯಿಂದ ಕೆದಕಿ ನೋಡಿದರು.

"ದ್ರಾಕ್ಷಿ ಒಂದೂ ಇಲ್ವಲ್ಲಮ್ಮ. ನಾಯಿಗೆ ಇಷ್ಟೊಂದು ಹಾಗಲಕಾಯಿ ಪಲ್ಯ ಯಾರು ಹಾಕಿದ್ದು?"