ಯೂನಿಯನ್‌ವಿಲ್ಲಿನ ಇಟ್ಟಿಗೆ ಗೋಡೆ

ಒದ್ದೆ ಸುಣ್ಣದ ವಾಸನೆ ಬಂದರೆ ಈಗಲೂ ನನ್ನ ಕೈಗಳು ತಾವಾಗಿಯೇ ಜೇಬಿಗೆ ಹೋಗುತ್ತವೆ.

ಉಡುಪಿಯಿಂದ ವಲಸೆ ಬಂದ ಈ ದೇಶದಲ್ಲಿ ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಹಳೆಯ ಕಟ್ಟಡಗಳನ್ನು ತೋರಿಸಲು ನಮ್ಮನ್ನು ಯೂನಿಯನ್‌ವಿಲ್ಲಿನ ಮೇನ್ ಸ್ಟ್ರೀಟಿಗೆ ಕರೆದೊಯ್ದಿದ್ದರು. ಮರದ ವರಾಂಡಾಗಳು, ಐಸ್‌ಕ್ರೀಮ್ ಅಂಗಡಿಯ ಮುಂದೆ ಉದ್ದ ಸಾಲು. ಒಂದು ಕೆಂಪು ಇಟ್ಟಿಗೆಯ ಮನೆಗೆ ರಿಪೇರಿಗೆಂದು ಕಂಬ-ಹಲಗೆಗಳ ಸಾರುವೆ ಕಟ್ಟಿದ್ದರು. ಅದರ ಮೇಲೆ, ಮೊಣಕೈವರೆಗೂ ಸುಣ್ಣ ಮೆತ್ತಿಕೊಂಡು, ಅಪ್ಪ ನಿಂತಿದ್ದರು. ನನ್ನ ಅಪ್ಪ ಇಂಜಿನಿಯರ್ ಎಂದು ನಾನು ಕ್ಲಾಸಿಗೆಲ್ಲ ಹೇಳಿದ್ದೆ.

ಅಪ್ಪ ನನ್ನನ್ನು ಕಂಡು ಕರೆಯಲು ಬಾಯಿ ತೆರೆದರು. ನಾನು ತಲೆ ತಗ್ಗಿಸಿದ್ದು ನೋಡಿ ಗೋಡೆಯ ಕಡೆಗೆ ತಿರುಗಿದರು. ಇಟ್ಟಿಗೆಗಳ ಸಂದಿಗೆ ಸಿಮೆಂಟು ಏಕೆ ಹಾಕುವುದಿಲ್ಲ ಎಂದು ಟೀಚರ್ ಕೇಳಿದಾಗ, ಅಪ್ಪ ತಮ್ಮ ಉಡುಪಿಯ ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸಿದರು: ಹಳೆಯ ಇಟ್ಟಿಗೆ ಮೆದು. ಗಟ್ಟಿ ಸಿಮೆಂಟು ಹಾಕಿದರೆ ಇಲ್ಲಿನ ಚಳಿಗೆ ಇಟ್ಟಿಗೆಯೇ ಸೀಳುತ್ತದೆ. ಸುಣ್ಣದ ಗಾರೆಯಾದರೆ ತಾನು ಸವೆದು ಇಟ್ಟಿಗೆಯನ್ನು ಉಳಿಸುತ್ತದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ ಗುರುತಿಲ್ಲದವರಿಗೆ ತಟ್ಟುವ ಹಾಗೆ ನಾನೂ ತಟ್ಟಿ, ಕೈಗಳನ್ನು ಜೇಬಿಗೆ ತುರುಕಿಕೊಂಡೆ.

ಸಂಜೆ ಅಪ್ಪ ಉಗುರಿನ ಸುಣ್ಣ ಉಜ್ಜಿ ತೊಳೆದು ಊಟಕ್ಕೆ ನನ್ನ ಪಕ್ಕ ಕೂತರು. "ಇವತ್ತು ನಮ್ಮ ಕೆಲಸ ನೋಡ್ಲಿಕ್ಕೆ ಶಾಲೆಯ ಮಕ್ಕಳು ಬಂದಿದ್ರು," ಎಂದರು.

ಅಮ್ಮ ಬಂಗುಡೆ ಹುರಿಯುತ್ತಿದ್ದವಳು ತಿರುಗಿದಳು. "ಇವಳ ಕ್ಲಾಸಿನವರೂ ಇವತ್ತು ಅಲ್ಲಿಗೇ ಹೋದದ್ದಲ್ವಾ? ನಿಮಗೆ ಸಿಗ್ಲಿಲ್ವಾ ಇವಳು?"

"ಇಲ್ಲ ಮಾರಾಯ್ತಿ, ಅದು ಬೇರೆ ಶಾಲೆ," ಎಂದ ಅಪ್ಪ ಮುಳ್ಳು ಬಿಡಿಸಿದ ಮೀನಿನ ತುಂಡನ್ನು ನನ್ನ ತಟ್ಟೆಗೆ ಹಾಕಿದರು. "ಆದ್ರೆ ಭಾರೀ ಒಳ್ಳೆ ಮಕ್ಕಳು."